ಅಪ್ಪ ಕಟ್ಟಿದ ಸಂಸ್ಥೆಯಲ್ಲಿ ನನ್ನ ಮಾತಿಗೆ ಬೆಲೆ ಬರುವುದು ಯಾವಾಗ?

ಪ್ರಶ್ನೆ: ನಾನು 28 ವರ್ಷದ ಸಿವಿಲ್ ಎಂಜಿನಿಯರ್. ನಮ್ಮ ತಂದೆ ಮತ್ತು ಚಿಕ್ಕಪ್ಪ ಪಾಲುದಾರರಾಗಿ ತೀರ್ಥಹಳ್ಳಿ, ಹೊಸನಗರದ ಸುತ್ತಮುತ್ತ ಮನೆ ಮತ್ತು ಶಾಲಾ ಕಟ್ಟಡಗಳ ಗುತ್ತಿಗೆ ಕೆಲಸವನ್ನು ಬಹಳ ವರ್ಷಗಳಿಂದ ಮಾಡಿಕೊಂಡು ಬಂದಿದ್ದಾರೆ. ತಂದೆಯವರಿಗೆ ಹೃದಯದ ಶಸ್ತ್ರಚಿಕಿತ್ಸೆಯಾದ ಮೇಲೆ ನಾನು ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದೆ. “ಇನ್ನು ಎಲ್ಲವನ್ನೂ ಮಗಳೇ ನೋಡಿಕೊಳ್ಳುತ್ತಾಳೆ” ಎಂದು ಅವರೇ ಎಲ್ಲರೆದುರು ಹೇಳಿದ್ದರು. ಆದರೆ ಕಳೆದ ತಿಂಗಳು ಒಂದು ಮನೆಯ ತಾರಸಿಗೆ ಮೋಲ್ಡ್ (ಕಾಂಕ್ರೀಟ್) ಹಾಕುವ ದಿನ, ಕಂಬಿಯನ್ನು ಹಲಗೆಯಿಂದ ಮೇಲೆತ್ತಿ ಹಿಡಿಯುವ ಪುಟ್ಟ ಕವರ್ ಬ್ಲಾಕ್‌ಗಳನ್ನು ಅದರ ಕೆಳಗೆ ಇಟ್ಟಿಲ್ಲವೆಂದು ನಾನು ಕೆಲಸ ನಿಲ್ಲಿಸಿದಾಗ, ಮೇಸ್ತ್ರಿ ನನ್ನೆದುರಿಗೇ ತಂದೆಗೆ ಫೋನ್ ಮಾಡಿದರು. ತಂದೆ “ಹಾಕಿ ಮುಗಿಸಿ” ಎಂದುಬಿಟ್ಟರು. ಚಿಕ್ಕಪ್ಪನಂತೂ “ನಾಳೆ ಮದುವೆಯಾಗಿ ಹೋಗುವವಳು” ಎನ್ನುತ್ತಾರೆ. ನಾನು ಇಲ್ಲಿಯೇ ಉಳಿಯಬೇಕೇ, ಬೆಂಗಳೂರಿಗೆ ಮರಳಬೇಕೇ?
– ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನೀವು ಕೆಲಸ ನಿಲ್ಲಿಸಿದ್ದು ಸರಿ. ಕಂಬಿ ನೇರವಾಗಿ ಸೆಂಟ್ರಿಂಗ್ ಹಲಗೆಯ ಮೇಲೆ ಕುಳಿತರೆ ಅದರ ಕೆಳಗೆ ಕಾಂಕ್ರೀಟಿನ ಹೊದಿಕೆ ಉಳಿಯುವುದಿಲ್ಲ. ಕಾಂಕ್ರೀಟ್ ಕಟ್ಟಡಗಳಿಗಾಗಿ ಇರುವ ಭಾರತೀಯ ಮಾನಕವಾದ ಐಎಸ್ 456 ಸಂಹಿತೆಯು ಸೌಮ್ಯ ವಾತಾವರಣದಲ್ಲಿಯೇ ಸಾಮಾನ್ಯವಾಗಿ 20 ಮಿಲಿಮೀಟರ್ ಹೊದಿಕೆಯನ್ನು ಸೂಚಿಸುತ್ತದೆ. ಹೀಗಿರುವಾಗ, ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಮಗ್ಗುಲಲ್ಲಿ ಮನೆ ಕಟ್ಟುವವರು ಅದನ್ನು ಬಿಟ್ಟರೆ, ತೇವ ತಗುಲಿ ತುಕ್ಕು ಹಿಡಿದ ಕಂಬಿ ಉಬ್ಬಿ, ಕೆಲವೇ ವರ್ಷಗಳಲ್ಲಿ ತಾರಸಿಯ ಅಡಿಭಾಗ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಆಗ ಮನೆಯ ಯಜಮಾನರು ಬಂದು ನಿಲ್ಲುವುದು ನಿಮ್ಮ ಬಾಗಿಲಲ್ಲಿ, ಮೇಸ್ತ್ರಿಯ ಬಾಗಿಲಲ್ಲಲ್ಲ.

ಆದರೆ ನೀವು ನಿಲ್ಲಿಸಿದ ಹೊತ್ತು ತಡವಾಯಿತು. ಮಿಕ್ಸರ್ ಬಂದು, ಆಳುಗಳು ಸಾಲಾಗಿ ನಿಂತು, ಜಲ್ಲಿ ಸಿಮೆಂಟು ಕಲೆಸಲು ಶುರುವಾದ ಮೇಲೆ ನಿಲ್ಲಿಸಿದರೆ ಒಂದು ದಿನದ ಕೂಲಿಯಷ್ಟೂ ನಷ್ಟ; ಮೇಸ್ತ್ರಿ ಗಾಬರಿಯಾಗಿ ಹಳೆಯ ಯಜಮಾನರನ್ನು ನೆನೆದದ್ದರಲ್ಲಿ ಆಶ್ಚರ್ಯವಿಲ್ಲ. ಕಂಬಿ ಕಟ್ಟಿ ಮುಗಿದ ಸಂಜೆಯೇ ಮೇಸ್ತ್ರಿಯೊಂದಿಗೆ ಹಲಗೆಯ ಮೇಲೆ ನಡೆದು, ಕವರ್ ಬ್ಲಾಕ್, ಕಂಬಿಯ ಅಂತರ, ವಿದ್ಯುತ್ ಪೈಪುಗಳನ್ನೆಲ್ಲ ನೋಡಿ, ಒಂದು ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಸಹಿಯಾಗದೆ ಮರುದಿನ ಮಿಕ್ಸರ್ ಕರೆಸುವಂತಿಲ್ಲ ಎಂಬುದು ನಿಮ್ಮ ಸಂಸ್ಥೆಯ ಕಟ್ಟಳೆಯಾಗಲಿ. ಮೇಸ್ತ್ರಿಗೆ ಇದು ಅವಮಾನವಾಗುವುದಿಲ್ಲ, ಏಕೆಂದರೆ ಅವರ ಸಹಿಯೂ ಅಲ್ಲಿರುತ್ತದೆ.

ಇನ್ನು ತಂದೆಯವರ ವಿಷಯ. ಅನೇಕ ವರ್ಷಗಳಿಂದ ಮಲೆನಾಡಿನ ಇಂಥ ಸಂಸ್ಥೆಗಳ ಲೆಕ್ಕ ನೋಡುತ್ತಿರುವ ನನಗೆ ಕಂಡಿರುವುದೇನೆಂದರೆ, ಹಿರಿಯರು ಜವಾಬ್ದಾರಿಯನ್ನು ಬಾಯಿಮಾತಿನಲ್ಲಿ ಕೊಟ್ಟು ಚೆಕ್ ಪುಸ್ತಕವನ್ನು ತಮ್ಮ ಬಳಿಯೇ ಇಟ್ಟುಕೊಳ್ಳುತ್ತಾರೆ. ಕೆಲಸಗಾರರಿಗೆ ಯಜಮಾನರು ಯಾರೆಂಬುದು ಶನಿವಾರದ ಬಟವಾಡೆಯಲ್ಲಿ ಗೊತ್ತಾಗುತ್ತದೆ. ಆದ್ದರಿಂದ ಎಲ್ಲವನ್ನೂ ಕೇಳಬೇಡಿ. ಒಂದೇ ಒಂದು ಕೆಲಸವನ್ನು ಅಂದಾಜುಪಟ್ಟಿಯಿಂದ ಕೊನೆಯ ಬಿಲ್ಲಿನವರೆಗೆ ಪೂರ್ತಿಯಾಗಿ ಕೇಳಿ. ಅದಕ್ಕೆ ಪ್ರತ್ಯೇಕ ಲೆಕ್ಕ, ಬ್ಯಾಂಕಿನಲ್ಲಿ ನಿಮ್ಮ ಸಹಿ, ಬಟವಾಡೆ ನಿಮ್ಮ ಕೈಯಿಂದ. ಯಾರೇ ಫೋನ್ ಮಾಡಿದರೂ “ಮಗಳನ್ನೇ ಕೇಳಿ” ಎಂದಷ್ಟೇ ಹೇಳುವಂತೆ, ಭಿನ್ನಾಭಿಪ್ರಾಯವಿದ್ದರೆ ರಾತ್ರಿ ಮನೆಯಲ್ಲಿ ಗದರುವಂತೆ ತಂದೆಯವರನ್ನು ಒಪ್ಪಿಸಿ. ಅವರಿಗೆ ಇದು ಕಷ್ಟವಾಗುತ್ತದೆ. ಕಾಯಿಲೆಯ ನಂತರ, ಮೇಸ್ತ್ರಿಯ ಫೋನೊಂದೇ ತಾವಿನ್ನೂ ಬೇಕಾದವರೆಂಬ ಭಾವನೆಯನ್ನು ಅವರಿಗೆ ಕೊಡುತ್ತಿರಬಹುದು. ಅದನ್ನು ಅರಿತು ಮೃದುವಾಗಿ ಮಾತನಾಡಿ.

ಬಟವಾಡೆ ನಿಮ್ಮ ಕೈಗೆ ಬಂದ ಮೇಲೆ ಹಾಜರಿ ಪುಸ್ತಕವನ್ನು ಚೊಕ್ಕವಾಗಿಡಿ. 18ರಿಂದ 60 ವರ್ಷದೊಳಗಿನ, ವರ್ಷದಲ್ಲಿ 90 ದಿನ ನಿರ್ಮಾಣ ಕೆಲಸ ಮಾಡಿದವರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಅದಕ್ಕೆ ಬೇಕಾದ ಕೆಲಸದ ದೃಢೀಕರಣವನ್ನು ಅಲೆದಾಡಿಸದೆ ಕೊಡುವ ಗುತ್ತಿಗೆದಾರರನ್ನು ಆಳುಗಳು ಮರೆಯುವುದಿಲ್ಲ.

ಚಿಕ್ಕಪ್ಪನವರ ಮಾತು ನೋವಿನದು, ಆದರೆ ಅದಕ್ಕಿಂತ ಚಿಂತೆಯ ಸಂಗತಿ ಪಾಲುದಾರಿಕೆಯ ಪತ್ರ. ಹೆಣ್ಣುಮಕ್ಕಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಸಮಪಾಲು ಕೊಟ್ಟ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯನ್ನು ನಂಬಿ ಅನೇಕರು ಸಂಸ್ಥೆಯೂ ತಾನಾಗಿಯೇ ಬರುತ್ತದೆಂದು ತಿಳಿಯುತ್ತಾರೆ. ಆದರೆ ಅದು ಹಾಗಲ್ಲ. ಪಾಲುದಾರರ ನಡುವೆ ಬೇರೆ ಒಪ್ಪಂದವಿಲ್ಲದಿದ್ದರೆ, 1932ರ ಪಾಲುದಾರಿಕೆ ಕಾಯ್ದೆಯಂತೆ ಒಬ್ಬ ಪಾಲುದಾರರು ತೀರಿಕೊಂಡಾಗ ಸಂಸ್ಥೆಯೇ ವಿಸರ್ಜನೆಯಾಗುತ್ತದೆ. ವಾರಸುದಾರರಿಗೆ ಲೆಕ್ಕದ ಹಣ ಬರಬಹುದು, ಪಾಲುದಾರಿಕೆ ಬರುವುದಿಲ್ಲ. ಅದಲ್ಲದೆ ಸಂಸ್ಥೆ ನೋಂದಣಿಯಾಗಿರದಿದ್ದರೆ, ಬಾಕಿ ಉಳಿಸಿಕೊಂಡವರ ಮೇಲೆ ಒಪ್ಪಂದದ ಆಧಾರದಲ್ಲಿ ದಾವೆ ಹೂಡಲೂ ಆಗುವುದಿಲ್ಲ. ತಂದೆಯವರು ಆರೋಗ್ಯವಾಗಿರುವಾಗಲೇ ನಿಮ್ಮನ್ನು ಪಾಲುದಾರರನ್ನಾಗಿ ಸೇರಿಸಿಕೊಂಡು, ಸಹಿಯ ಅಧಿಕಾರ, ಲಾಭದ ಪಾಲು, ಒಬ್ಬರು ಹೊರಹೋದರೆ ಮುಂದೇನು ಎಂಬುದನ್ನೆಲ್ಲ ಹೊಸ ಪತ್ರದಲ್ಲಿ ಬರೆಸಬೇಕು. ಮದುವೆಯ ಪ್ರಶ್ನೆಗೂ ಅಲ್ಲಿಯೇ ಉತ್ತರ ಸಿಗುತ್ತದೆ. ಪಾಲುದಾರರ ಹೊಣೆಗೆ ಮಿತಿಯಿಲ್ಲವೆಂಬುದನ್ನು ಮಾತ್ರ ತಿಳಿದೇ ಸಹಿ ಹಾಕಿ. ಮೊದಲು ಮೂರು ವರ್ಷದ ಲೆಕ್ಕ ಮತ್ತು ಸಾಲದ ವಿವರ ನೋಡಿ.

ಈ ಮಾತುಕತೆಗೆ ಆರಿದ್ರಾ ಮಳೆಯ ದಿನಗಳು ಒಳ್ಳೆಯವು. ಹೊರಗಿನ ಕೆಲಸ ನಿಂತು, ಮನೆಯವರೆಲ್ಲ ಒಂದೆಡೆ ಕೂರುವ ಹೊತ್ತದು. ಪತ್ರವೂ ಇಲ್ಲ, ಒಂದು ಕೆಲಸದ ಪೂರ್ಣ ಅಧಿಕಾರವೂ ಇಲ್ಲ ಎಂದು ಅವರು ಖಂಡಿತವಾಗಿ ಹೇಳಿದರೆ, ದೀಪಾವಳಿಯ ನಂತರದ ಕೆಲಸದ ಋತುವಿಗೆ ಮೊದಲೇ ನೀವು ಬೆಂಗಳೂರಿಗೆ ಹೋಗುವುದರಲ್ಲಿ ತಪ್ಪಿಲ್ಲ.

ಅದಕ್ಕೂ ಮೊದಲು ಆ ಮನೆಗೆ ಹೋಗಿ ಬನ್ನಿ. ಸೆಂಟ್ರಿಂಗ್ ಬಿಚ್ಚಿದ ಮೇಲೆ ಅಡಿಯಲ್ಲಿ ಕಂಬಿ ಕಾಣುತ್ತಿದ್ದರೆ, ಗಾರೆ ಬಳಿದು ಮುಚ್ಚಲು ಬಿಡಬೇಡಿ. ತಂದೆಯವರನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿ, ಮನೆಯವರಿಗೂ ಇದ್ದದ್ದನ್ನು ಹೇಳಿ, ಸ್ಟ್ರಕ್ಚರಲ್ ಎಂಜಿನಿಯರರ ಸಲಹೆಯಂತೆ ನಿಮ್ಮ ಸಂಸ್ಥೆಯ ಖರ್ಚಿನಲ್ಲಿ ಮಳೆಗೆ ಮುಂಚೆ ದುರಸ್ತಿ ಮಾಡಿಸಿ.