ಸಹಿಗಿಂತ ಮೊದಲು ಬಿರುಕು ನೋಡಿ

ಕಳೆದ ಸಂಚಿಕೆಯಲ್ಲಿ ಹಳೇ ಚಿತ್ರಗಳಿಗೆ ಫ್ರೇಮ್ ಹಾಕಿಸುವುದರ ಬಗ್ಗೆ ಬರೆದಿದ್ದೆ. ಬಂದ ಪತ್ರಗಳಲ್ಲಿ ಫ್ರೇಮಿನ ಮಾತು ಕಡಿಮೆ, ಮೂಲೆಯಲ್ಲಿರುವ ಸಹಿಯ ಮಾತೇ ಜಾಸ್ತಿ. ಹಾಗಾಗಿ ಈ ಸಲ ಬರೀ ಸಹಿ.

ಪ್ರಶ್ನೆ: ನಮ್ಮ ಮುತ್ತಜ್ಜನ ಕಾಲದಿಂದ ದೇವರ ಮನೆಯಲ್ಲಿ ಒಂದು ಲಕ್ಷ್ಮಿ ಪಟ ಇದೆ. ಕೆಳಗೆ ಇಂಗ್ಲಿಷಿನಲ್ಲಿ ರವಿವರ್ಮ ಅಂತ ಸಹಿ ಇದೆ. ಪರಿಚಯದವರೊಬ್ಬರು ಫೋಟೋ ನೋಡಿ, "ಕೈಬರಹ ತಜ್ಞರಿಂದ ಸರ್ಟಿಫಿಕೇಟ್ ಮಾಡಿಸ್ತೀನಿ, 15,000 ರೂಪಾಯಿ ಕೊಡಿ, ಆಮೇಲೆ ಲಕ್ಷಗಟ್ಟಲೆಗೆ ಹೋಗುತ್ತೆ" ಅಂತಿದ್ದಾರೆ. ಮಾಡಿಸಲಾ?
— ಓದುಗರು, ಸಿಂಧನೂರು

ಉತ್ತರ: ದುಡ್ಡು ಕೊಡಬೇಡಿ. ತಮಾಷೆ ಏನಂದ್ರೆ, ತಜ್ಞರು "ಸಹಿ ಹೊಂದುತ್ತದೆ" ಅಂತ ಬರೆದುಕೊಟ್ಟರೂ ಅದು ಸುಳ್ಳಾಗಲಿಕ್ಕಿಲ್ಲ. ಅದೇ ಸಹಿ ನಿಮ್ಮ ಪಕ್ಕದ ಬೀದಿಯ ಮನೆಯಲ್ಲೂ ಇರಬಹುದು. ರವಿವರ್ಮ 1894ರಲ್ಲಿ ಮುಂಬೈನಲ್ಲಿ ಪ್ರೆಸ್ ಹಾಕಿದರು. ಲಕ್ಷ್ಮಿ, ಸರಸ್ವತಿ ಎಲ್ಲ ಅಲ್ಲಿಂದ ಅಚ್ಚಾಗಿ ಊರೂರಿಗೆ ಹೋದವು. ಚಿತ್ರದ ಜೊತೆ ಸಹಿಯೂ ಅಚ್ಚಾಯಿತು.

ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಆ ಮಸೂರ ಒಂದು ಗಳಿಗೆ ಇಸ್ಕೊಳ್ಳಿ. ಲಕ್ಷ್ಮಿಯ ಕೆನ್ನೆ ನೋಡಿ. ಕುಂಚದ ಗೆರೆ ಕಾಣದೆ, ರವೆ ಚೆಲ್ಲಿದ ಹಾಗೆ ಬಣ್ಣದ ಸಣ್ಣ ಸಣ್ಣ ಚುಕ್ಕೆ ಕಂಡರೆ ಅದು ಅಚ್ಚಿನ ಪಟ. ಮೇಲೆ ವಾರ್ನಿಶ್ ಹೊಳಪು ಇದೆ, ಬಟ್ಟೆಯ ನೇಯ್ಗೆ ಥರ ಉಬ್ಬು ಇದೆ ಅಂತ ಮೋಸ ಹೋಗಬೇಡಿ, ತೈಲಚಿತ್ರದ ಹಾಗೆ ಕಾಣಲಿ ಅಂತ ಪ್ರೆಸ್ಸಿನವರೇ ಅದನ್ನೆಲ್ಲ ಮಾಡುತ್ತಿದ್ದರು. ಫ್ರೇಮ್ ಬಿಚ್ಚಿದರೆ ಕೆಳಗಿನ ಅಂಚಿನಲ್ಲಿ ಪ್ರೆಸ್ಸಿನ ಹೆಸರೂ ಸಿಗಬಹುದು. ನಮ್ಮ ಪಕ್ಕದ ಕಲಬುರಗಿಯ ಎಸ್. ಎಂ. ಪಂಡಿತರ ಕ್ಯಾಲೆಂಡರ್ ಚಿತ್ರಗಳ ಕಥೆಯೂ ಇದೇ. ಅಚ್ಚಿನ ಪಟ ಅಂದ ಮಾತ್ರಕ್ಕೆ ಕಸ ಅಲ್ಲ. ಹಳೇ ಪಟಗಳಿಗೆ, ಅದರಲ್ಲೂ ಮನೆ ಹೆಂಗಸರು ಜರಿ, ಮಿಣಿಮಿಣಿ ಹಚ್ಚಿ ಸಿಂಗರಿಸಿದವಕ್ಕೆ, ಕೊಳ್ಳುವವರು ಇದ್ದಾರೆ. ಲಕ್ಷದ ಕನಸು ಮಾತ್ರ ಬೇಡ.

ಪ್ರಶ್ನೆ: ನಮ್ಮ ತಂದೆ 1970ರ ಸುಮಾರಿಗೆ ಒಬ್ಬ ಡ್ರಾಯಿಂಗ್ ಮಾಸ್ತರರ ಕಡೆ ಒಂದು ತೈಲಚಿತ್ರ ಕೊಂಡಿದ್ದರು. ಮೂಲೆಯಲ್ಲಿ ಕನ್ನಡದಲ್ಲಿ ಸಹಿ ಇದೆ. ಮಾಸ್ತರರು ತಂದೆಗೆ ಬರೆದ ಒಂದು ಪತ್ರವೂ ಸಿಕ್ಕಿದೆ. ಎರಡೂ ಸಹಿ ಪಕ್ಕಪಕ್ಕ ಇಟ್ಟು ನೋಡಿದರೆ ಒಂದಕ್ಕೊಂದು ತಾಳೆ ಆಗ್ತಿಲ್ಲ. ಹಾಗಾದರೆ ಚಿತ್ರ ನಕಲಿಯೇ?
— ಓದುಗರು, ಕೊಪ್ಪಳ

ಉತ್ತರ: ಅವಸರ ಮಾಡಬೇಡಿ. ಪತ್ರಕ್ಕೆ ಸಹಿ ಹಾಕುವಾಗ ಕೈ ಮೇಜಿನ ಮೇಲೆ ಊರಿರುತ್ತೆ, ಬೆರಳು ಮತ್ತು ಮಣಿಕಟ್ಟು ಮಾತ್ರ ಆಡುತ್ತವೆ. ನಿಲ್ಲಿಸಿದ ಕ್ಯಾನ್ವಾಸಿನ ಮೇಲೆ ಹಾಗಲ್ಲ, ಇಡೀ ತೋಳು ಆಡುತ್ತೆ, ಬಟ್ಟೆ ಸ್ವಲ್ಪ ಹಿಂದಕ್ಕೆ ಸರಿಯುತ್ತೆ, ನೇಯ್ಗೆ ಕುಂಚವನ್ನು ಹಿಡಿದು ಎಳೆಯುತ್ತೆ, ಅರ್ಧ ಅಕ್ಷರದಲ್ಲೇ ಬಣ್ಣ ಮುಗಿದು ಮತ್ತೆ ಅದ್ದಬೇಕಾಗುತ್ತೆ. ಚೆಕ್ಕಿನ ಸಹಿಯಲ್ಲಿ ಗೆರೆ ನಡುವೆ ಕಡಿದುಹೋಗಿ ಮತ್ತೆ ಶುರುವಾಗಿದ್ದರೆ ತಜ್ಞರಿಗೆ ಅನುಮಾನ ಬರುತ್ತೆ. ಕುಂಚದ ಸಹಿಯಲ್ಲಿ ಅದು ಮಾಮೂಲು. ಪೆನ್ನಿನ ಸಹಿಗೆ ಕುಂಚದ ಸಹಿ ಹೋಲಿಸುವುದು ಸೇರಿನಲ್ಲಿ ಬಟ್ಟೆ ಅಳೆದ ಹಾಗೆ.

ಕುಂಚಕ್ಕೆ ಕುಂಚದ್ದೇ ಬೇಕು, ಆದಷ್ಟು ಅದೇ ವರ್ಷಗಳದ್ದು. ಮಾಸ್ತರರು ಕೆಲಸ ಮಾಡಿದ ಶಾಲೆ, ಅವರ ಶಿಷ್ಯರ ಮನೆ, ಸಂಬಂಧಿಕರ ಮನೆ ವಿಚಾರಿಸಿ. ಅನುಮಾನವೇ ಇಲ್ಲದ ಏಳೆಂಟು ಚಿತ್ರ ಸಿಕ್ಕರೆ ಸಾಕಷ್ಟಾಯಿತು, ಒಂದೇ ಒಂದು ಮಾದರಿ ಇಟ್ಟುಕೊಂಡು ಏನೂ ಹೇಳಲಾಗದು. ಯಾಕಂದ್ರೆ ಯಾರೂ ಎರಡು ಸಲ ಒಂದೇ ಥರ ಸಹಿ ಹಾಕುವುದಿಲ್ಲ. ಬ್ಯಾಂಕಿನಲ್ಲಿ ಸಹಿ ಹೊಂದಲ್ಲ ಅಂತ ವಾಪಸ್ ಬಂದವರಿಗೆಲ್ಲ ಇದು ಗೊತ್ತು. ಎರಡು ಸಹಿ ಗೆರೆಗೆ ಗೆರೆ ಕೂಡಿಬಿಟ್ಟರೇ ಭಯ, ಒಂದನ್ನು ನೋಡಿ ಇನ್ನೊಂದನ್ನು ತಿದ್ದಿರಬಹುದು.

ಅಕ್ಷರದ ಆಕಾರಕ್ಕಿಂತ ಅದು ಹುಟ್ಟಿದ ದಾರಿ ನೋಡಿ. ಕನ್ನಡದಲ್ಲಿ ಇದಕ್ಕೆ ಒಳ್ಳೆ ಅನುಕೂಲ ಇದೆ. ಕೆಲವರು ತಲಕಟ್ಟು ಮೊದಲು ಎಳೆದು ಕೆಳಗಿಳಿಯುತ್ತಾರೆ, ಕೆಲವರು ಎಲ್ಲ ಬರೆದು ಕೊನೆಗೆ ಟೋಪಿ ಹಾಕಿದ ಹಾಗೆ ತಲಕಟ್ಟು ಇಡುತ್ತಾರೆ. "ರ" ಸುತ್ತುವುದು ಎಲ್ಲಿಂದ ಶುರು, ಒತ್ತಕ್ಷರ ಆಗಲೇ ಕೊಡುತ್ತಾರಾ ಅಥವಾ ಇಡೀ ಹೆಸರು ಮುಗಿಸಿ ವಾಪಸ್ ಬಂದು ಕೊಡುತ್ತಾರಾ, ಇದೆಲ್ಲ ಕೈಗೆ ಅಂಟಿದ ಚಾಳಿ. ಬಣ್ಣದಲ್ಲಿ ಯಾವ ಗೆರೆ ಮೇಲೆ ಬಂದಿದೆ, ಯಾವುದು ಕೆಳಗೆ ಹೋಗಿದೆ ಅಂತ ಮಸೂರದಲ್ಲಿ ಕಾಣುತ್ತೆ. ನಕಲು ಮಾಡುವವನು ಆಕಾರ ಕದಿಯುತ್ತಾನೆ, ಈ ಕ್ರಮ ಅವನ ಕಣ್ಣಿಗೆ ಬೀಳುವುದೇ ಕಮ್ಮಿ. ಇನ್ನೊಂದು, ಅಸಲಿ ಗೆರೆ ಓಡುತ್ತೆ, ತುದಿಯಲ್ಲಿ ತೆಳ್ಳಗಾಗಿ ಬಿಡುತ್ತೆ. ನಕಲಿ ಗೆರೆ ನಿಧಾನ, ಅಲ್ಲಲ್ಲಿ ನಡುಕ, ತುದಿ ಮೊಂಡು.

ಇಷ್ಟೆಲ್ಲ ಹೇಳುವ ನಾನೂ ಒಮ್ಮೆ ಟೋಪಿ ಹಾಕಿಸಿಕೊಂಡವನೇ. ತುಂಗಭದ್ರೆ ದಂಡೆಯ ಒಂದು ಚಿತ್ರ, ಸಹಿ ನೋಡಿದ್ದೇ 4,000 ರೂಪಾಯಿ ಎಣಿಸಿಬಿಟ್ಟೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಫ್ರೇಮ್ ಬದಲಿಸಲು ಕೊಟ್ಟಾಗ ಅಂಗಡಿಯ ಹುಡುಗ ಟಾರ್ಚ್ ಅಡ್ಡ ಹಿಡಿದು "ಸಾರ್, ಇಲ್ಲಿ ನೋಡ್ರಿ" ಅಂದ. ನಮ್ಮ ಎರೆಹೊಲ ಬೇಸಿಗೆಗೆ ಬಾಯಿ ಬಿಡುತ್ತೆ, ಆಮೇಲೆ ಮಳೆ ಬಂದರೆ ನೀರು ಬಿರುಕಿಗೆ ಇಳಿಯುತ್ತಲ್ವಾ, ಹಾಗೆ ಸಹಿಯ ಕೆಂಪು ಬಣ್ಣ ಚಿತ್ರದ ಬಿರುಕಿನೊಳಗೆ ಇಳಿದಿತ್ತು. ಅಂದರೆ ಚಿತ್ರ ಒಣಗಿ, ಹಳತಾಗಿ, ಬಿರುಕು ಬಿಟ್ಟ ಮೇಲೆ ಯಾರೋ ಹಾಕಿದ ಸಹಿ. ಚಿತ್ರದ ಕಾಲದಲ್ಲೇ ಹಾಕಿದ್ದರೆ ಬಿರುಕು ಸಹಿಯನ್ನೂ ಸೀಳಿಕೊಂಡು ಹೋಗಬೇಕಿತ್ತು. ಕೈಬರಹ ನೋಡುವ ಮೊದಲು ನೀವೂ ಇದನ್ನು ನೋಡಿ. ನೋಟು ನೋಡುವ ನೇರಳೆ ಲೈಟ್ ಇದ್ದರೆ ಕತ್ತಲಲ್ಲಿ ಬಿಡಿ. ಹಳೇ ವಾರ್ನಿಶ್ ಮಸುಕು ಹಸಿರಾಗಿ ಹೊಳೆಯುತ್ತೆ, ಅದರ ಮೇಲೆ ಆಮೇಲೆ ಹಾಕಿದ ಸಹಿ ಕಪ್ಪಗೆ ಎದ್ದು ಕಾಣುವುದುಂಟು. ಹಾಗಂತ ತಡವಾಗಿ ಬಂದ ಸಹಿ ಎಲ್ಲ ಮೋಸ ಅಲ್ಲ. ಎಷ್ಟೋ ಕಲಾವಿದರು ಮಾರುವ ದಿನವೇ ಸಹಿ ಹಾಕಿದ್ದಾರೆ. ಮತ್ತೆ ದಯವಿಟ್ಟು ಹತ್ತಿಗೆ ಥಿನ್ನರ್ ಹಚ್ಚಿ ಸಹಿ ಉಜ್ಜಿ ನೋಡಬೇಡಿ. ಅಸಲಿ ಸಹಿಯೂ ಹೋಗುತ್ತೆ.

ಪ್ರಶ್ನೆ: ಸಹಿ ನೋಡಿ ಮನುಷ್ಯನ ಸ್ವಭಾವ ಹೇಳುವವರು ಇದ್ದಾರಲ್ಲ, ಅವರು ಕಲಾವಿದರ ಸಹಿಯನ್ನೂ ಪತ್ತೆ ಮಾಡಬಲ್ಲರಾ?
— ಓದುಗರು, ಬಳ್ಳಾರಿ

ಉತ್ತರ: ಇಲ್ಲ. ಅದೇ ಬೇರೆ, ಇದೇ ಬೇರೆ. "ಸಹಿ ಮೇಲಕ್ಕೆ ಏರಿದರೆ ಮಹತ್ವಾಕಾಂಕ್ಷಿ" ಅನ್ನೋದು ಕೈ ನೋಡಿ ಭವಿಷ್ಯ ಹೇಳಿದ ಹಾಗೆ. ದಾಖಲೆ ಪರೀಕ್ಷಿಸುವ ತಜ್ಞರಿಗೆ ನಿಮ್ಮ ಸ್ವಭಾವ ಬೇಕಿಲ್ಲ, ಬರೆದ ಕೈ ಅದೇನಾ ಅಂತಷ್ಟೇ ಬೇಕು. ವಾಟ್ಸಾಪ್ ಫೋಟೋ ನೋಡಿ ಅಭಿಪ್ರಾಯ ಕೊಡುವವರಿಂದಲೂ ದೂರ ಇರಿ. ಬಣ್ಣದ ದಪ್ಪ, ಗೆರೆಯ ನಡುಕ ಫೋಟೋದಲ್ಲಿ ಬರಲ್ಲ.

ಪ್ರಶ್ನೆ: ತಜ್ಞರ ವರದಿ ಕೋರ್ಟಿನಲ್ಲಿ ನಿಲ್ಲುತ್ತಾ?
— ಕಾನೂನು ವಿದ್ಯಾರ್ಥಿ, ರಾಯಚೂರು

ಉತ್ತರ: ನಿಲ್ಲುತ್ತೆ, ಆದರೆ ಅಭಿಪ್ರಾಯವಾಗಿ. ಹಿಂದೆ ಸಾಕ್ಷ್ಯ ಕಾಯ್ದೆಯ 45ನೇ ಕಲಂ ಇತ್ತು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 39. ಮುರಾರಿ ಲಾಲ್ ಪ್ರಕರಣದಲ್ಲಿ (1980) ಸುಪ್ರೀಂ ಕೋರ್ಟ್ ಹೇಳಿದ್ದನ್ನು ನೀವು ಓದಿರುತ್ತೀರಿ: ಬೇರೆ ಪುರಾವೆಯ ಬೆಂಬಲ ಇಲ್ಲ ಅಂತಲೇ ಕೈಬರಹ ತಜ್ಞರ ಮಾತು ತಳ್ಳಿಹಾಕಬೇಕಿಲ್ಲ, ಆದರೆ ಹುಷಾರಾಗಿ ನೋಡಬೇಕು, ಕಾರಣಗಳನ್ನು ತೂಗಬೇಕು. ಹಾಗಾಗಿ ಬರೀ "ಹೊಂದುತ್ತದೆ" ಅಂತ ಒಂದು ಸಾಲಿನ ವರದಿಗೆ ದುಡ್ಡು ಕೊಡಬೇಡಿ, ಯಾಕೆ ಅಂತ ಬರೆಸಿ.

ಪ್ರಶ್ನೆ: ಸಹಿ ಅಸಲಿ ಅಂತ ಖಾತ್ರಿ ಆದರೆ ಚಿತ್ರವೂ ಅಸಲಿ ಅಂತ ಆಯ್ತಲ್ವಾ?
— ಓದುಗರು, ಗಂಗಾವತಿ

ಉತ್ತರ: ಆಗಲ್ಲ, ತಿರುವಿ ಹಾಕಿದರೂ ಆಗಲ್ಲ. ಬಂಗಾಳದ ಚಿತ್ರಕಾರ ಜಾಮಿನಿ ರಾಯ್ ಮನೆಯೇ ಒಂದು ಕಾರ್ಖಾನೆ ಥರ ಇತ್ತು, ಮಗ, ಸಹಾಯಕರು ಎಲ್ಲ ಕುಂಚ ಹಿಡಿಯುತ್ತಿದ್ದರು, ಸಹಿ ಮಾತ್ರ ರಾಯ್ ಅವರದ್ದು. ಫ್ರಾನ್ಸಿನ ಚಿತ್ರಕಾರ ಕೊರೋ ಪಾಪ, ಬೇರೆಯವರ ಚಿತ್ರಕ್ಕೂ ದಾಕ್ಷಿಣ್ಯಕ್ಕೆ ಸಹಿ ಹಾಕಿಕೊಟ್ಟವರು. ಸ್ಪೇನಿನ ಕಲಾವಿದ ಸಾಲ್ವಡಾರ್ ಡಾಲಿ ಖಾಲಿ ಹಾಳೆಗಳಿಗೇ ಸಾವಿರಗಟ್ಟಲೆ ಸಹಿ ಹಾಕಿದರು. ಇಲ್ಲೆಲ್ಲ ಕೈಬರಹ ತಜ್ಞರು ಪಾಸ್ ಅಂತಲೇ ಹೇಳಬೇಕು.

ಉಲ್ಟಾನೂ ಇದೆ. ಡಚ್ ಕಲಾವಿದ ಫ್ರಾನ್ಸ್ ಹಾಲ್ಸ್ ಹೆಸರಲ್ಲಿ ಮಾರಾಟವಾಗಿದ್ದ ಚಿತ್ರವೊಂದರಲ್ಲಿ 1893ರಲ್ಲಿ ಜೆ, ಎಲ್ ಅಕ್ಷರಗಳು, ಜೊತೆಗೊಂದು ನಕ್ಷತ್ರ ಕಂಡವು. ಬರೆದವಳು ಜೂಡಿತ್ ಲೇಸ್ಟರ್ ಅನ್ನೋ ಹೆಂಗಸು! ಹಾಲ್ಸ್ ಹೆಸರಿನ ಸಹಿ ಸುಳ್ಳು, ಚಿತ್ರ ಮಾತ್ರ ಒಳ್ಳೇದೇ. ನಕಲಿ ಚಿತ್ರ ಬರೆದು ಮಾರುತ್ತಿದ್ದ ಜರ್ಮನಿಯ ಬೆಲ್ಟ್ರಾಕಿ ಸಿಕ್ಕಿಬಿದ್ದಿದ್ದು ಸಹಿಯಿಂದ ಅಲ್ಲ. 1914ರದ್ದು ಅಂತ ಹೇಳಿದ ಚಿತ್ರದಲ್ಲಿ ಟೈಟಾನಿಯಂ ಬಿಳಿ ಸಿಕ್ಕಿತು, ಆಗಿನ್ನೂ ಆ ಬಣ್ಣ ಅಂಗಡಿಗೇ ಬಂದಿರಲಿಲ್ಲ. 2011ರಲ್ಲಿ ಆರು ವರ್ಷ ಶಿಕ್ಷೆ ಆಯಿತು. ನ್ಯೂಯಾರ್ಕಿನ ನೋಡ್ಲರ್ ಗ್ಯಾಲರಿ ನಕಲಿ ಚಿತ್ರ ಮಾರಿದ ಹಗರಣದಲ್ಲಂತೂ ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ ಅವರ ಹೆಸರಿನ ಸ್ಪೆಲ್ಲಿಂಗೇ ತಪ್ಪಿತ್ತು, ಒಂದು ಅಕ್ಷರ ಕಮ್ಮಿ. ಅದಕ್ಕೆ ಯಾವ ತಜ್ಞರೂ ಬೇಕಿರಲಿಲ್ಲ ಬಿಡಿ, ಮೂರನೇ ಕ್ಲಾಸಿನ ಮಗು ಸಾಕಿತ್ತು.

ಪ್ರಶ್ನೆ: ಅಜ್ಜ ಮಾಡಿದ ಕಿನ್ನಾಳ ಗೊಂಬೆಗಳಿವೆ. ಹೆಸರು ಇಲ್ಲ. ಕೊಳ್ಳಲು ಬಂದವರು "ಕೆಳಗೆ ಅಜ್ಜನ ಸಹಿ ಇದ್ದಿದ್ದರೆ ಜಾಸ್ತಿ ಕೊಡುತ್ತಿದ್ದೆ" ಅಂದರು. ನಾನೇ ಬರೆದುಬಿಡಲಾ? ನಮ್ಮಲ್ಲಿ ಸಹಿ ಹಾಕುವ ಪದ್ಧತಿಯೇ ಇರಲಿಲ್ವಾ?
— ಓದುಗರು, ಕಿನ್ನಾಳ

ಉತ್ತರ: ಇತ್ತು, ಎಲ್ಲರಿಗೂ ಇರಲಿಲ್ಲ. ಸೋಮನಾಥಪುರದ ಶಿಲ್ಪಿ ಮಲ್ಲಿತಮ್ಮ ಕಲ್ಲಿನಲ್ಲೇ ಹೆಸರು ಕೆತ್ತಿದ. ಅದಕ್ಕೂ ಮೊದಲು, ಬಳ್ಳಾರಿಗೆ ಹತ್ತಿರದಲ್ಲೇ, ಮೊಳಕಾಲ್ಮೂರು ಕಡೆಯ ಅಶೋಕನ ಶಾಸನಗಳಲ್ಲಿ ಚಪಡ ಅನ್ನುವ ಲಿಪಿಕಾರ ತನ್ನ ಹೆಸರು ಹಾಕಿದ್ದಾನೆ. ಶಾಸನ ಬ್ರಾಹ್ಮಿ ಲಿಪಿಯಲ್ಲಿ, "ಲಿಪಿಕಾರ" ಅನ್ನೋ ಮಾತು ಮಾತ್ರ ವಾಯವ್ಯ ಭಾಗದಲ್ಲಿ ಬಳಕೆಯಲ್ಲಿದ್ದ ಖರೋಷ್ಠಿ ಲಿಪಿಯಲ್ಲಿ. ಅವನು ಆ ಕಡೆಯಿಂದ ಬಂದವನಿರಬೇಕು ಅಂತ ವಿದ್ವಾಂಸರು ಊಹಿಸಿದ್ದು ಆ ಒಂದು ಪದದ ಬರಹದಿಂದ. ಆದರೆ ಆನೆಗೊಂದಿಯ ಹುಚ್ಚಪ್ಪಯ್ಯ ಮಠದ ಛಾವಣಿಯಲ್ಲಿ ಚಿತ್ರ ಬರೆದವರ ಹೆಸರು ಯಾರಿಗೂ ಗೊತ್ತಿಲ್ಲ.

ಅಜ್ಜನ ಹೆಸರು ನೀವು ಬರೆಯಬೇಡಿ. ಇವತ್ತು ಬರೆದರೆ ಇನ್ನು ಐವತ್ತು ವರ್ಷಕ್ಕೆ ನಿಮ್ಮ ಮೊಮ್ಮಗ ನನ್ನಂಥವನಿಗೆ "ಸಹಿ ಅಸಲಿಯಾ?" ಅಂತ ಪತ್ರ ಬರೆಯುತ್ತಾನೆ. ಹುಣಸೆಬೀಜದ ಅಂಟಿನ ಪದರ ಎಲ್ಲೆಲ್ಲಿ ಎದ್ದಿದೆ, ಬಣ್ಣ ಯಾವುದು, ಯಾವ ವರ್ಷ, ಯಾರ ಮದುವೆಗೆ ಮಾಡಿದ್ದು, ಇದನ್ನೆಲ್ಲ ಅಜ್ಜಿಯನ್ನೋ ದೊಡ್ಡಪ್ಪನನ್ನೋ ಕೇಳಿ ಒಂದು ಹಾಳೆಯಲ್ಲಿ ಬರೆದಿಡಿ, ಗೊಂಬೆಯ ಫೋಟೋ ಅಂಟಿಸಿ, ಕೆಳಗೆ ನಿಮ್ಮದೇ ಸಹಿ, ತಾರೀಖು ಹಾಕಿ. ಪೆನ್ನಿನಲ್ಲೇ.