ಫ್ರೀಮಾಂಟಿನ ಚಟ್ನಿಪುಡಿಗೆ ಡೆಲವೇರ್ ಕಂಪನಿ ಬೇಕಾ?

ಪ್ರಶ್ನೆ: ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ. ನಮ್ಮ ಯಜಮಾನರದು ಎಚ್-1ಬಿ ಕೆಲಸದ ವೀಸಾ, ನನ್ನದು ಅವರ ಮೇಲೆ ಅವಲಂಬಿತರಿಗೆ ಕೊಡುವ ಎಚ್-4, ಕೆಲಸ ಮಾಡಲು ಅನುಮತಿ ಕೊಡುವ ಇಎಡಿ ಕಾರ್ಡು ಇದೆ. ಮನೆಯಲ್ಲಿ ಚಟ್ನಿಪುಡಿ, ಸಾರಿನ ಪುಡಿ ಮಾಡಿ ಪರಿಚಯದವರಿಗೆ ಕೊಡುತ್ತಿದ್ದೆ. ಈಗ ಅದನ್ನೇ ವ್ಯಾಪಾರ ಮಾಡೋಣ ಅಂತಿದ್ದೇನೆ. ಡೆಲವೇರ್ ರಾಜ್ಯದಲ್ಲೋ ವಯೋಮಿಂಗ್ ರಾಜ್ಯದಲ್ಲೋ ಎಲ್‌ಎಲ್‌ಸಿ (ಮಾಲೀಕರ ಹೊಣೆ ಸೀಮಿತವಾಗಿರುವ ಕಂಪನಿ) ಮಾಡಿಸಿದರೆ ಟ್ಯಾಕ್ಸ್ ಉಳಿಯುತ್ತದೆ ಎನ್ನುತ್ತಾರೆ ಗೆಳತಿಯೊಬ್ಬರು. ಹಾಸನದಲ್ಲಿರುವ ಅಪ್ಪ ಸ್ವಲ್ಪ ದುಡ್ಡು ಹಾಕುತ್ತೇನೆ ಅಂತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಡೆಲವೇರ್ ವಿಷಯ ಮುಗಿಸಿಬಿಡೋಣ. ನಿಮಗೆ ಅದು ಬೇಡ.

ನಮ್ಮೂರಲ್ಲಿ ಕಂಪನಿ ಅಂದರೆ ಕೇಂದ್ರ ಸರ್ಕಾರದ ಕಾನೂನು, ದೇಶಕ್ಕೆಲ್ಲ ಒಂದೇ. ಅಮೆರಿಕದಲ್ಲಿ ಹಾಗಲ್ಲ. ಸಾಮಾನ್ಯ ಕಂಪನಿಗಳು ಹುಟ್ಟುವುದು ರಾಜ್ಯದ ಕಚೇರಿಯಲ್ಲಿ, ಹೆಚ್ಚಿನ ಕಡೆ ಸೆಕ್ರೆಟರಿ ಆಫ್ ಸ್ಟೇಟ್ ಎಂಬ ರಾಜ್ಯದ ಅಧಿಕಾರಿಯ ಬಳಿ. ಯಾವ ರಾಜ್ಯದಲ್ಲಿ ಬೇಕಾದರೂ ಹುಟ್ಟಿಸಬಹುದು, ನಿಜ. ಆದರೆ ಟ್ಯಾಕ್ಸ್ ನೋಡುವುದು ಕಂಪನಿ ಎಲ್ಲಿ ಹುಟ್ಟಿತು ಅಂತಲ್ಲ, ಕೆಲಸ ಎಲ್ಲಿ ನಡೆಯುತ್ತದೆ ಅಂತ. ನೀವು ಪುಡಿ ಕುಟ್ಟುವುದು, ಪ್ಯಾಕ್ ಮಾಡುವುದು, ಮಾರುವುದು ಎಲ್ಲ ಫ್ರೀಮಾಂಟಿನಲ್ಲಿ. ಹಾಗಾಗಿ ಡೆಲವೇರ್ ಎಲ್‌ಎಲ್‌ಸಿ ಮಾಡಿದರೂ ಅದನ್ನು ಕ್ಯಾಲಿಫೋರ್ನಿಯಾದಲ್ಲಿ 'ಹೊರರಾಜ್ಯದ ಕಂಪನಿ' ಎಂದು 70 ಡಾಲರ್ ಕಟ್ಟಿ ನೋಂದಾಯಿಸಬೇಕು. ಇಲ್ಲಿನ ವರ್ಷದ 800 ಡಾಲರ್ ಟ್ಯಾಕ್ಸೂ ತಪ್ಪುವುದಿಲ್ಲ. ಅದರ ಮೇಲೆ ಡೆಲವೇರಿಗೆ ವರ್ಷಕ್ಕೆ 300 ಡಾಲರ್, ಅಲ್ಲಿ ಕಾಗದಪತ್ರ ತೆಗೆದುಕೊಳ್ಳಲು ಒಬ್ಬ ಏಜೆಂಟರಿಗೆ ಬೇರೆ ಫೀಸು. ಉಳಿತಾಯ ಎಲ್ಲಿ ಬಂತು? ವಯೋಮಿಂಗ್ ಕಥೆಯೂ ಇದೇ, ಅಲ್ಲಿನ ವರ್ಷದ ಫೀಸು ಕಡಿಮೆ ಅಷ್ಟೇ.

ಇನ್ನು ನೀವು ಕೇಳದ ಪ್ರಶ್ನೆ: ಈಗಲೇ ಎಲ್‌ಎಲ್‌ಸಿ ಬೇಕೇ? ನನ್ನನ್ನು ಕೇಳಿದರೆ, ಮೊದಲ ವರ್ಷ ಬೇಡ.

ಎಲ್‌ಎಲ್‌ಸಿ ಇದ್ದರೆ ವ್ಯಾಪಾರದ ಸಾಲ, ದಾವೆ ಮನೆಯ ದುಡ್ಡಿಗೆ ತಟ್ಟುವುದಿಲ್ಲ ಅನ್ನುವುದು ಅರ್ಧ ನಿಜ. ನಿಮ್ಮ ಶೇಂಗಾ ಚಟ್ನಿಪುಡಿಯ ಚೂರು ಸಾರಿನ ಪುಡಿಗೆ ಬೆರೆತು, ಅಲರ್ಜಿ ಇರುವವರೊಬ್ಬರು ಆಸ್ಪತ್ರೆ ಸೇರಿದರು ಅಂತಿಟ್ಟುಕೊಳ್ಳಿ. ಪುಡಿ ಮಾಡಿದವರು ನೀವೇ. ಸ್ವಂತ ಕೈಯಿಂದ ಆದ ತಪ್ಪಿಗೆ ಎಲ್‌ಎಲ್‌ಸಿ ಅಡ್ಡ ಬರುವುದಿಲ್ಲ. ಅಲ್ಲಿ ಕಾಯುವುದು ಪ್ರಾಡಕ್ಟ್ ಲಯಬಿಲಿಟಿ ವಿಮೆ. ಆ 800 ಡಾಲರಿನಲ್ಲಿ ಸ್ವಲ್ಪವನ್ನು ವಿಮೆಗೆ ಹಾಕಿ.

ಅದಕ್ಕಿಂತ ಮೊದಲು ಬೇಕಾದದ್ದು ಮನೆಯಲ್ಲಿ ತಿಂಡಿ ಮಾಡಿ ಮಾರಲು ಅಲಮೀಡಾ ಕೌಂಟಿಯ ಪರಿಸರ ಆರೋಗ್ಯ ಇಲಾಖೆಯ ಅನುಮತಿ. 'ಕಾಟೇಜ್ ಫುಡ್' ಅಂತ ಕರೆಯುತ್ತಾರೆ. ಇದರಲ್ಲಿ ಎರಡು ಬಗೆ. 'ಎ' ಆದರೆ ಗ್ರಾಹಕರಿಗೆ ನೇರವಾಗಿ ಮಾತ್ರ ಮಾರಬಹುದು. 'ಬಿ' ಆದರೆ ಇಂಡಿಯನ್ ಸ್ಟೋರಿನಲ್ಲೂ ಇಡಬಹುದು, ಆದರೆ ಮನೆಗೆ ಬಂದು ಅಡುಗೆಮನೆ ನೋಡುತ್ತಾರೆ. ಯಾವ ಪದಾರ್ಥ ಮಾಡಬಹುದು ಎಂಬುದಕ್ಕೆ ರಾಜ್ಯದ ಪಟ್ಟಿಯೇ ಇದೆ. ಕೊಬ್ಬರಿ, ಹುಣಸೆಹಣ್ಣು ಸೇರಿದಂತೆ ನಿಮ್ಮ ಪುಡಿಗೆ ಏನೇನು ಹಾಕುತ್ತೀರೋ ಎಲ್ಲ ಬರೆದುಕೊಂಡು ಕೌಂಟಿಯವರನ್ನೇ ಕೇಳಿ. ಈ ಅನುಮತಿ ಇಲ್ಲದೆ ಎಲ್‌ಎಲ್‌ಸಿ ಮಾಡಿಸಿದರೆ ಪ್ರಯೋಜನವಿಲ್ಲ.

ನಿಮ್ಮ ಹೆಸರು ಬಿಟ್ಟು ಬೇರೆ ಹೆಸರಲ್ಲಿ ಮಾರುವುದಾದರೆ ಆ ಹೆಸರನ್ನು ಕೌಂಟಿ ಕ್ಲರ್ಕ್ ಬಳಿ ದಾಖಲಿಸಿ, ವಾರಕ್ಕೊಮ್ಮೆಯಂತೆ ನಾಲ್ಕು ವಾರ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಐದು ವರ್ಷ ನಡೆಯುತ್ತದೆ. ಫ್ರೀಮಾಂಟ್ ನಗರದ ಬಿಸಿನೆಸ್ ಲೈಸೆನ್ಸನ್ನೂ ಮರೆಯಬೇಡಿ.

ವ್ಯಾಪಾರ ಕುದುರಿತು, ಸ್ಟೋರಿನವರು ಜಾಸ್ತಿ ಕೇಳುತ್ತಿದ್ದಾರೆ, ಯಾರನ್ನಾದರೂ ಕೆಲಸಕ್ಕೆ ಇಟ್ಟುಕೊಳ್ಳಬೇಕು ಅನ್ನುವಾಗ ಎಲ್‌ಎಲ್‌ಸಿ ಮಾಡಿ. ಅದೇನು ಕಷ್ಟವಲ್ಲ. ಸೆಕ್ರೆಟರಿ ಆಫ್ ಸ್ಟೇಟ್‌ನ 'ಬಿಜ್‌ಫೈಲ್' ಜಾಲತಾಣದಲ್ಲಿ ಹೆಸರು ಖಾಲಿ ಇದೆಯಾ ನೋಡಿ, ಎಲ್‌ಎಲ್‌ಸಿ-1 ಅರ್ಜಿ ತುಂಬಿ 70 ಡಾಲರ್ ಕಟ್ಟುವುದು. 90 ದಿನದೊಳಗೆ 20 ಡಾಲರ್ ಕಟ್ಟಿ ಮಾಹಿತಿ ಪತ್ರ ಸಲ್ಲಿಸಬೇಕು, ಆಮೇಲೆ ಎರಡು ವರ್ಷಕ್ಕೊಮ್ಮೆ. ಏಜೆಂಟರ ಜಾಗದಲ್ಲಿ ನಿಮ್ಮ ಹೆಸರನ್ನೇ ಹಾಕಬಹುದು. ಆದರೆ ವಿಳಾಸ ಮನೆಯದ್ದೋ ಅಂಗಡಿಯದ್ದೋ ಇರಬೇಕು, ಪಿಒ ಬಾಕ್ಸ್ ನಡೆಯುವುದಿಲ್ಲ. ಅದು ಯಾರು ಬೇಕಾದರೂ ನೋಡುವ ದಾಖಲೆ ಎಂಬುದೂ ನೆನಪಿರಲಿ.

ವರ್ಷದ ಕೊನೆಯಲ್ಲಿ ಅರ್ಜಿ ಹಾಕುವುದಾದರೆ ಒಂದು ಕಿವಿಮಾತು. ನವೆಂಬರಿನಲ್ಲಿ ಹುಟ್ಟಿದ ಎಲ್‌ಎಲ್‌ಸಿಗೂ ಆ ವರ್ಷದ ಪೂರ್ತಿ 800 ಡಾಲರ್ ಬೀಳುತ್ತದೆ, ಜನವರಿ ಬಂತೆಂದರೆ ಮತ್ತೆ 800. ಅರ್ಜಿಯಲ್ಲಿ 90 ದಿನದವರೆಗೆ ಮುಂದಿನ ದಿನಾಂಕ ಕೇಳಬಹುದು. ಜನವರಿಯ ದಿನಾಂಕ ಹಾಕಿ.

ಕಂಪನಿಗೆ ಅಮೆರಿಕದ ತೆರಿಗೆ ಇಲಾಖೆ ಕೊಡುವ ನಂಬರು, ಅಂದರೆ ಇಐಎನ್, ಆ ಇಲಾಖೆಯ (ಐಆರ್‌ಎಸ್) ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಅದಕ್ಕೆ ದುಡ್ಡು ಕೇಳುವ ಸೈಟು ಕಂಡರೆ ಮುಚ್ಚಿಬಿಡಿ. ಕಂಪನಿ ನೋಂದಣಿಯಾದ ಮೇಲೆ ಸರ್ಕಾರದ ನೋಟಿಸಿನ ಹಾಗೇ ಕಾಣುವ ಪತ್ರಗಳೂ ಮನೆಗೆ ಬರುತ್ತವೆ: ದಪ್ಪ ಅಕ್ಷರ, ಹದ್ದಿನ ಚಿತ್ರ, ಕೊನೇ ದಿನಾಂಕ. ಮೂಲೆಯಲ್ಲಿ ಸಣ್ಣದಾಗಿ 'ನಾವು ಸರ್ಕಾರಿ ಸಂಸ್ಥೆಯಲ್ಲ' ಅಂತ ಬರೆದಿರುತ್ತದೆ. ಕಸದ ಬುಟ್ಟಿಗೆ ಹಾಕಿ. ಇನ್ನು, ಮಾಲೀಕರ ವಿವರವನ್ನು ಹಣಕಾಸು ಅಪರಾಧ ತಡೆಯುವ ಸರ್ಕಾರಿ ಸಂಸ್ಥೆ ಫಿನ್‌ಸೆನ್‌ಗೆ ಕೊಡದಿದ್ದರೆ ದಂಡ ಅಂತ ಹೆದರಿಸುವ ಹಳೇ ವಿಡಿಯೋಗಳಿವೆ. 2025ರ ಮಾರ್ಚಿನಲ್ಲಿ ಅಮೆರಿಕದೊಳಗೇ ಹುಟ್ಟಿದ ಕಂಪನಿಗಳನ್ನು ಅದರಿಂದ ಬಿಟ್ಟಿದ್ದಾರೆ.

ಇಎಡಿ ಇರುವವರೆಗೆ ನೀವು ದುಡಿಯಲು ಅಡ್ಡಿಯಿಲ್ಲ. ಕಾರ್ಡಿನ ಅವಧಿ ಮುಗಿದು ಹೊಸದು ಬಂದಿಲ್ಲ ಅಂದರೆ ಕಂಪನಿ ನಿಮ್ಮದೇ ಆಗಿರುತ್ತದೆ, ಆದರೆ ಕೆಲಸ ನಿಲ್ಲಿಸಬೇಕು. ಆಗ ಯಜಮಾನರು 'ನಾನು ಪ್ಯಾಕ್ ಮಾಡಿಕೊಡ್ತೀನಿ' ಅಂತ ಬಂದರೆ ಬೇಡ ಅನ್ನಿ. ಎಚ್-1ಬಿಯಲ್ಲಿ ಅವರು ದುಡಿಯಬಹುದಾದದ್ದು ಅವರ ವೀಸಾಕ್ಕೆ ಅರ್ಜಿ ಹಾಕಿದ ಕಂಪನಿಗೆ ಮಾತ್ರ. ಸಂಬಳ ತೆಗೆದುಕೊಳ್ಳಲಿಲ್ಲ ಅನ್ನುವುದು ನೆಪವಾಗುವುದಿಲ್ಲ.

ಅಪ್ಪನ ದುಡ್ಡನ್ನು ಪಾಲು ಅಂತ ತೆಗೆದುಕೊಳ್ಳಬೇಡಿ. ಅವರು ಪಾಲುದಾರರಾದರೆ ನಿಮ್ಮ ಪುಟ್ಟ ಎಲ್‌ಎಲ್‌ಸಿ ಪಾರ್ಟ್‌ನರ್‌ಶಿಪ್ ಆಗಿಬಿಡುತ್ತದೆ. ಬೇರೆ ರಿಟರ್ನು, ಅವರ ಲಾಭದ ಪಾಲಿನಿಂದ ಟ್ಯಾಕ್ಸ್ ಹಿಡಿಯುವುದು, ಹಾಸನದಲ್ಲಿ ಕೂತ ಅವರೂ ಅಮೆರಿಕದ ರಿಟರ್ನ್ ಸಲ್ಲಿಸುವುದು ಎಲ್ಲ ಶುರು. ಮುಂದೆ ಎಸ್-ಕಾರ್ಪ್ (ಲಾಭದ ಟ್ಯಾಕ್ಸನ್ನು ಕಂಪನಿಯ ಬದಲು ಷೇರುದಾರರೇ ಕಟ್ಟುವ ಒಂದು ಬಗೆ) ಮಾಡುವ ಯೋಚನೆ ಇದ್ದರೆ ಅದೂ ಹೋಯಿತು, ಇಲ್ಲಿ ವಾಸವಿಲ್ಲದ ವಿದೇಶಿಯರು ಅದರಲ್ಲಿ ಷೇರುದಾರರಾಗುವಂತಿಲ್ಲ. ಮಗಳಿಗೆ ಉಡುಗೊರೆ ಅಂತ ಕೊಡಲಿ. ಬ್ಯಾಂಕಿನ ಮೂಲಕ ಎಲ್‌ಆರ್‌ಎಸ್ (ಹೊರದೇಶಕ್ಕೆ ಹಣ ಕಳಿಸುವ ಆರ್‌ಬಿಐ ಯೋಜನೆ) ಅಡಿ ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್ ತನಕ ಕಳಿಸಬಹುದು. ಹೊರದೇಶದಿಂದ ವರ್ಷದಲ್ಲಿ 1 ಲಕ್ಷ ಡಾಲರಿಗಿಂತ ಜಾಸ್ತಿ ಉಡುಗೊರೆ ಬಂದರೆ ಮಾತ್ರ ನೀವು ಐಆರ್‌ಎಸ್‌ಗೆ ಫಾರ್ಮ್ 3520 ಕೊಡಬೇಕು. ಚಟ್ನಿಪುಡಿಗೆ ಅಷ್ಟು ಬೇಕಾಗಲಿಕ್ಕಿಲ್ಲ ಅಲ್ವಾ?

ಪ್ರಶ್ನೆ: ಆಸ್ಟಿನ್‌ನಲ್ಲಿ ನಾವಿಬ್ಬರು ಸ್ನೇಹಿತರು ಸಾಫ್ಟ್‌ವೇರ್ ಕಂಪನಿ ಶುರು ಮಾಡಿದ್ದೇವೆ. ಹೂಡಿಕೆದಾರರು ಕೇಳುತ್ತಾರೆ ಅಂತ ಡೆಲವೇರ್ ಕಾರ್ಪೊರೇಷನ್ ಮಾಡಿದೆವು, ಒಂದು ಕೋಟಿ ಷೇರು. ಈಗ ವರ್ಷದ ಟ್ಯಾಕ್ಸ್ 85,165 ಡಾಲರ್ ಅಂತ ನೋಟಿಸ್ ಬಂದಿದೆ! ಬ್ಯಾಂಕಿನಲ್ಲಿ ಇರುವುದೇ 9 ಸಾವಿರ.

ಉತ್ತರ: ಗಾಬರಿ ಬೇಡ, ಸುಮ್ನೆ ಲೆಕ್ಕದ ಆಟ ಅದು. ಡೆಲವೇರಿನಲ್ಲಿ ಈ ಟ್ಯಾಕ್ಸಿಗೆ ಎರಡು ಲೆಕ್ಕ ಇವೆ. ನೋಟಿಸಿನಲ್ಲಿ ಬಂದಿರುವುದು ಷೇರಿನ ಸಂಖ್ಯೆ ಮಾತ್ರ ನೋಡುವ ಲೆಕ್ಕ. ಮೊದಲ 10,000 ಷೇರಿಗೆ 250 ಡಾಲರ್, ಆಮೇಲೆ ಪ್ರತಿ 10,000ಕ್ಕೆ 85. ಒಂದು ಕೋಟಿಗೆ ಗುಣಿಸಿದರೆ ನಿಮ್ಮ ಅಂಕಿಯೇ ಬರುತ್ತದೆ.

ಇನ್ನೊಂದು ಲೆಕ್ಕ ಕಂಪನಿಯ ಒಟ್ಟು ಆಸ್ತಿ ಮತ್ತು ಹಂಚಿರುವ ಷೇರನ್ನು ನೋಡುತ್ತದೆ. ಅದರಲ್ಲಿ ಕನಿಷ್ಠ ಟ್ಯಾಕ್ಸ್ 400 ಡಾಲರ್. ಒಂದು ಕೋಟಿಯಲ್ಲಿ ಹೆಚ್ಚಿನ ಷೇರು ನಿಮ್ಮಿಬ್ಬರಿಗೆ ಹಂಚಿದ್ದರೆ, ಬ್ಯಾಂಕಿನಲ್ಲಿ 9 ಸಾವಿರ ಇರುವ ಕಂಪನಿಗೆ ಅಷ್ಟೇ ಬರುತ್ತದೆ. ವಾರ್ಷಿಕ ವರದಿಯ 50 ಸೇರಿ 450 ಡಾಲರ್. ವರದಿ ತುಂಬುವಾಗ ಒಟ್ಟು ಆಸ್ತಿ, ಹಂಚಿದ ಷೇರಿನ ಸಂಖ್ಯೆ ಹಾಕಿ ಮತ್ತೆ ಲೆಕ್ಕ ಮಾಡಿಸಿ. ಮಾರ್ಚ್ 1 ಕೊನೇ ದಿನ. ತಪ್ಪಿದರೆ 200 ಡಾಲರ್ ದಂಡ, ತಿಂಗಳಿಗೆ ಶೇ 1.5 ಬಡ್ಡಿ.

ನಿಮಗೆ ಡೆಲವೇರ್ ಸರಿಯಾದ ಆಯ್ಕೆಯೇ. ಅಲ್ಲಿನ ಚಾನ್ಸರಿ ಕೋರ್ಟ್ 1792ರಿಂದ ಇದೆ, ಜ್ಯೂರಿ ಇಲ್ಲದೆ ನ್ಯಾಯಾಧೀಶರೇ ಕಂಪನಿ ವ್ಯಾಜ್ಯ ತೀರ್ಮಾನಿಸುತ್ತಾರೆ. ಅದಕ್ಕೇ ಹೂಡಿಕೆದಾರರ ವಕೀಲರಿಗೆ ಆ ಕಾನೂನು ಬಾಯಿಪಾಠ. ಆದರೆ ಕೆಲಸ ಆಸ್ಟಿನ್‌ನಲ್ಲಿ ನಡೆಯುತ್ತಿದೆ. ಟೆಕ್ಸಾಸ್‌ನಲ್ಲೂ ಹೊರರಾಜ್ಯದ ಕಂಪನಿ ಅಂತ ನೋಂದಾಯಿಸಿದ್ದೀರಾ? 750 ಡಾಲರ್ ಫೀಸು. ಮಾಡಿಲ್ಲದಿದ್ದರೆ ಈ ವಾರವೇ ಮಾಡಿ, ತಡವಾದಷ್ಟೂ ದಂಡ ಬೆಳೆಯುತ್ತದೆ. ವರ್ಷ ವರ್ಷ ದುಡಿದು ಗಳಿಸುವ ಷರತ್ತಿನ ಮೇಲೆ ಷೇರು ಹಂಚಿಕೊಂಡಿದ್ದರೆ, ಹಂಚಿದ 30 ದಿನದೊಳಗೆ 'ಷೇರಿನ ಟ್ಯಾಕ್ಸನ್ನು ಈಗಲೇ ಲೆಕ್ಕ ಹಾಕಿ' ಅನ್ನುವ 83(ಬಿ) ಪತ್ರ ಐಆರ್‌ಎಸ್‌ಗೆ ಹೋಗಿರಬೇಕು. ಆ ಗಡುವನ್ನು ಯಾರೂ ಮುಂದೂಡಿಕೊಡುವುದಿಲ್ಲ.

ಪ್ರಶ್ನೆ: ಮೈಸೂರಿನಲ್ಲೇ ಕೂತು ನನ್ನೊಬ್ಬನ ಹೆಸರಿನಲ್ಲಿ ಡೆಲವೇರ್ ಎಲ್‌ಎಲ್‌ಸಿ ತೆರೆಯಬಹುದೇ?

ಉತ್ತರ: ಧಾರಾಳವಾಗಿ. ಪೌರತ್ವ, ವೀಸಾ ಯಾವುದೂ ಕೇಳುವುದಿಲ್ಲ. ಕಂಪನಿ ತೆರೆಯುವುದು ಸುಲಭ, ಆಮೇಲೆ ವರ್ಷ ವರ್ಷ ಕಾಗದ ಸಲ್ಲಿಸುವುದೇ ತಲೆನೋವು. ವಿದೇಶಿಯೊಬ್ಬರದೇ ಆದ ಎಲ್‌ಎಲ್‌ಸಿಗೂ ಮಾಲೀಕರಿಗೂ ನಡುವೆ ಹಣ ಓಡಾಡಿದ ವರ್ಷ ಐಆರ್‌ಎಸ್‌ಗೆ ಫಾರ್ಮ್ 5472 ಕೊಡಬೇಕು. ನೀವು ಬಂಡವಾಳ ಹಾಕಿದ್ದೂ ಲೆಕ್ಕಕ್ಕೆ ಬರುತ್ತದೆ, ಲಾಭ ಸೊನ್ನೆಯಾದರೂ ಸರಿ. ಕೊಡದಿದ್ದರೆ ದಂಡ 25,000 ಡಾಲರ್. ನಮ್ಮ ಕಡೆಯಿಂದ, 2022ರ ಓವರ್‌ಸೀಸ್ ಇನ್ವೆಸ್ಟ್‌ಮೆಂಟ್ ನಿಯಮದಂತೆ ದುಡ್ಡು ಕಳಿಸುವ ಮುಂಚೆ ಬ್ಯಾಂಕಿನಲ್ಲಿ ಫಾರ್ಮ್ ಎಫ್‌ಸಿ ಕೊಡಬೇಕು. ಐಟಿ ರಿಟರ್ನಿನ ವಿದೇಶಿ ಆಸ್ತಿಯ ಪಟ್ಟಿಯಲ್ಲೂ ಈ ಕಂಪನಿಯನ್ನು ತೋರಿಸಬೇಕು. ನಿಮ್ಮ ಗ್ರಾಹಕರು ಅಮೆರಿಕದಲ್ಲಿದ್ದು, ಮೈಸೂರಿನ ಸಂಸ್ಥೆಗೆ ದುಡ್ಡು ಕಳಿಸಲು ತಕರಾರಿಲ್ಲ ಅಂದರೆ ಇದ್ಯಾವುದೂ ಬೇಡ. ಮೊದಲು ಅವರನ್ನೇ ಒಂದು ಮಾತು ಕೇಳಿ ನೋಡಿ.