ನೋಡುವವರನ್ನು ನೋಡದೆ ಬರೆದ ಲೇಖನ

ಆತ್ಮೀಯ ಮಿತ್ರರೇ,

ಧಾರಾವಾಹಿಗಳಲ್ಲಿ ಬರುವ ನ್ಯಾಯಾಲಯದ ದೃಶ್ಯಗಳನ್ನೂ ಅವುಗಳಿಗೆ ನಮ್ಮ ಜನ ಸ್ಪಂದಿಸುವ ರೀತಿಯನ್ನೂ ಕುರಿತು ನೀವು ಬರೆದ ಲೇಖನ ತಲುಪಿದೆ. ನಿಮ್ಮ ಭಾಷೆ ಶುದ್ಧವಾಗಿದೆ, ಬರವಣಿಗೆಗೆ ಓಟವಿದೆ, ಟಿ. ಎನ್. ಸೀತಾರಾಮ್ ಅವರು ಸಿ.ಎಸ್.ಪಿ. ಎಂಬ ವಕೀಲನಾಗಿ ಕಾಣಿಸಿಕೊಂಡ ಧಾರಾವಾಹಿಗಳನ್ನು ನೀವು ಶ್ರದ್ಧೆಯಿಂದ ನೋಡಿದ್ದೀರಿ. ಆದರೆ ಲೇಖನವನ್ನು ಈಗಿರುವ ರೂಪದಲ್ಲಿ ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲಾರೆ. ಹಿಂತಿರುಗಿಸುವ ಲೇಖನಗಳೊಂದಿಗೆ ಸಾಮಾನ್ಯವಾಗಿ ಎರಡು ಸಾಲು ಬರೆದು ಮುಗಿಸುತ್ತೇನೆ. ನಿಮ್ಮ ಮೂರನೆಯ ಮತ್ತು ನಾಲ್ಕನೆಯ ಪ್ಯಾರಾಗಳು ನನ್ನನ್ನು ಹಾಗೆ ಮುಗಿಸಲು ಬಿಡಲಿಲ್ಲ.

ಮೂರನೆಯ ಪ್ಯಾರಾದಲ್ಲಿ ನೀವು ಹೀಗೆ ಬರೆದಿದ್ದೀರಿ: ‘ವಕೀಲನ ಅಬ್ಬರದ ಮಾತಿಗೆ ಮರುಳಾಗುವ ಮುಗ್ಧ ಗೃಹಿಣಿಯರು ಕಂಡದ್ದನ್ನೆಲ್ಲ ನಿಜವೆಂದು ನಂಬಿ ಕಣ್ಣೀರು ಸುರಿಸುತ್ತಾರೆ.’ ಈ ಗೃಹಿಣಿಯರು ಯಾವ ಊರಿನವರು? ಯಾವ ಪ್ರಶ್ನೆಗೆ ಅತ್ತರು, ಯಾವ ಉತ್ತರಕ್ಕೆ ಸಿಟ್ಟಾದರು? ನೀವು ಕುಮಟೆಯಲ್ಲಿ ಕುಳಿತು ಬರೆದ ಈ ವಾಕ್ಯವನ್ನು ಯಾವ ಊರಿನಲ್ಲಿ ಕುಳಿತಾದರೂ ಬರೆಯಬಹುದಿತ್ತು. ನಮ್ಮ ಜಿಲ್ಲೆಯ ಹೆಂಗಸರು ನ್ಯಾಯಾಲಯವನ್ನು ಕಿರುತೆರೆಯಲ್ಲೇ ಮೊದಲು ಕಂಡರೆಂದು ನೀವು ಭಾವಿಸಿದಂತಿದೆ. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಇಲ್ಲಿನ ಎಷ್ಟೋ ಮನೆಗಳು ಒಂದೋ ಗೇಣಿದಾರರು ಭೂಮಿಯ ಹಕ್ಕು ಕೇಳುವ ಅರ್ಜಿಯಾದ ನಮೂನೆ ಏಳನ್ನು ತುಂಬಿಕೊಟ್ಟವು, ಇಲ್ಲವೇ ಭೂ ನ್ಯಾಯಮಂಡಳಿಯ ನೋಟೀಸು ಪಡೆದವು. ತೋಟದ ಹಿಸ್ಸೆ, ಸೊಪ್ಪಿನ ಬೆಟ್ಟದ ಗಡಿ, ಹಿತ್ತಿಲ ದಾರಿ ಎಂದು ತಾರೀಖಿನಿಂದ ತಾರೀಖಿಗೆ ಅಲೆದ ಗಂಡಸರ ಹಿಂದೆ, ಕಾಗದಪತ್ರಗಳನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡಿಟ್ಟು, ವಕೀಲರು ಅಂದು ಏನು ಕೇಳಿದರು, ಇವರು ಏನು ಹೇಳಿದರು ಎಂದು ರಾತ್ರಿ ಊಟದ ಹೊತ್ತಿಗೆ ವಿವರವಾಗಿ ಕೇಳಿ ತಿಳಿದುಕೊಂಡ ಹೆಂಗಸರಿದ್ದರು. ಅವರನ್ನು ಮುಗ್ಧರೆಂದು ಕರೆಯುವ ಮುನ್ನ ಅವರ ಪಕ್ಕದಲ್ಲಿ ಕುಳಿತು ಒಂದು ಕಂತನ್ನಾದರೂ ನೋಡಬೇಕಿತ್ತು.

ನಾಲ್ಕನೆಯ ಪ್ಯಾರಾ ಇನ್ನೂ ಹೆಚ್ಚು ಕಾಡುತ್ತದೆ, ಏಕೆಂದರೆ ಅಲ್ಲಿ ನೀವು ಧಾರಾವಾಹಿಯ ಸುಳ್ಳನ್ನು ತಿದ್ದಲು ಹೊರಟಿದ್ದೀರಿ. ‘ನಿಜವಾದ ನ್ಯಾಯಾಲಯದಲ್ಲಿ ನ್ಯಾಯಾಧೀಶರು ಸುತ್ತಿಗೆ ಬಡಿದೊಡನೆ ನಿಶ್ಶಬ್ದ ಆವರಿಸುತ್ತದೆ’ ಎಂದಿದ್ದೀರಿ. ನಾನು ಕಂಡ ನಮ್ಮ ಯಾವ ನ್ಯಾಯಪೀಠದ ಮೇಲೂ ಸುತ್ತಿಗೆ ಇರಲಿಲ್ಲ. ಮುಂದಿನ ಸಾಲು, ‘ಭಗವದ್ಗೀತೆಯ ಮೇಲೆ ಕೈಯಿಟ್ಟು ಆಡಿದ ಮಾತಿನ ಪಾವಿತ್ರ್ಯವನ್ನು ಧಾರಾವಾಹಿಗಳು ಹಾಳುಮಾಡಿವೆ.’ ಸಾಕ್ಷಿಗಳ ಪ್ರಮಾಣವಚನ ಹೇಗಿರಬೇಕೆಂದು 1969ರ ಪ್ರಮಾಣವಚನ ಕಾಯ್ದೆ ಹೇಳುತ್ತದೆ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಅಥವಾ ದೇವರನ್ನು ಕರೆಯದೆ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಅದರಲ್ಲಿ ಯಾವ ಗ್ರಂಥದ ಪ್ರಸ್ತಾಪವೂ ಇಲ್ಲ. ಅದರ ಮುಂದಿನ ಸಾಲು, ‘ಪಾಟೀಸವಾಲಿನಲ್ಲಿ ಉತ್ತರವನ್ನು ಸೂಚಿಸುವಂಥ ಪ್ರಶ್ನೆ ಕೇಳುವುದು ಕಾನೂನಿಗೆ ವಿರುದ್ಧ.’ ಇದು ತಲೆಕೆಳಗಾಗಿದೆ. ತನ್ನ ಕಡೆಯ ಸಾಕ್ಷಿಯನ್ನು ಮುಖ್ಯ ವಿಚಾರಣೆ ಮಾಡುವಾಗ, ಎದುರಿನವರು ಆಕ್ಷೇಪಿಸಿದರೆ, ನ್ಯಾಯಾಲಯದ ಅನುಮತಿಯಿಲ್ಲದೆ ವಕೀಲ ಅಂಥ ಪ್ರಶ್ನೆ ಕೇಳುವಂತಿಲ್ಲ. ಎದುರು ಪಕ್ಷದ ಸಾಕ್ಷಿಗೆ ಪಾಟೀಸವಾಲು ಹಾಕುವಾಗ ಧಾರಾಳವಾಗಿ ಕೇಳಬಹುದು. 1872ರ ಸಾಕ್ಷ್ಯ ಕಾಯ್ದೆ ಇದನ್ನು ಸ್ಪಷ್ಟವಾಗಿ ಹೇಳಿತ್ತು. ಅದರ ಸ್ಥಾನಕ್ಕೆ 2024ರ ಜುಲೈ 1ರಿಂದ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಈ ನಿಯಮ ಹಾಗೆಯೇ ಉಳಿದಿದೆ. ಸುತ್ತಿಗೆ, ಗೀತೆ, ಈ ತಪ್ಪು ಆಕ್ಷೇಪಣೆ, ಮೂರೂ ನಿಮಗೆ ಪರದೆಯಿಂದಲೇ ಬಂದಿವೆ. ಕಂಡದ್ದನ್ನೆಲ್ಲ ನಂಬುತ್ತಾರೆಂದು ನೀವು ಗೃಹಿಣಿಯರ ಮೇಲೆ ಹೊರಿಸಿದ ಆರೋಪಕ್ಕೆ ಲೇಖನದೊಳಗೆ ಇರುವ ಒಂದೇ ಪುರಾವೆ ನಿಮ್ಮ ನಾಲ್ಕನೆಯ ಪ್ಯಾರಾ ಎಂದು ಹೇಳಲು ನನಗೆ ನೋವಾಗುತ್ತದೆ.

ಅದೇ ಪ್ಯಾರಾದ ಕೊನೆಯಲ್ಲಿ, ಕಟಕಟೆಯಲ್ಲಿ ನಿಂತವನು ಕುಸಿದು ಎಲ್ಲವನ್ನೂ ಒಪ್ಪಿಕೊಂಡುಬಿಡುವ ದೃಶ್ಯವನ್ನು ‘ನಮ್ಮ ಕನ್ನಡ ಧಾರಾವಾಹಿಗಳ ದೌರ್ಬಲ್ಯ’ ಎಂದಿದ್ದೀರಿ. ಅಮೆರಿಕದಲ್ಲಿ 1957ರಿಂದ 1966ರವರೆಗೆ ಪ್ರಸಾರವಾದ ‘ಪೆರ್ರಿ ಮೇಸನ್’ ಧಾರಾವಾಹಿಯಲ್ಲಿ ಕಟಕಟೆಯಲ್ಲಿದ್ದ ಸಾಕ್ಷಿಯೋ, ಹಿಂದಿನ ಬೆಂಚಿನಲ್ಲಿದ್ದ ಮತ್ತೊಬ್ಬರೋ ಹೀಗೆ ತಪ್ಪೊಪ್ಪಿಕೊಳ್ಳುವುದು ಕಂತಿನಿಂದ ಕಂತಿಗೆ ನಡೆದುಬಂದ ಪದ್ಧತಿಯಾಗಿತ್ತು. ನಮ್ಮಲ್ಲಿ ಆರೋಪಿಯನ್ನು ತನ್ನ ವಿರುದ್ಧವೇ ಸಾಕ್ಷಿ ನುಡಿಯುವಂತೆ ಒತ್ತಾಯಿಸುವಂತಿಲ್ಲ. ಸಂವಿಧಾನದ 20(3)ನೆಯ ವಿಧಿ ಅವನಿಗೆ ಆ ರಕ್ಷಣೆ ಕೊಟ್ಟಿದೆ. ತನಿಖೆಯ ಹಂತದಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ತಪ್ಪೊಪ್ಪಿಗೆ ಕೊಡಲು ಬಂದವನಿಗೂ, ನೀನು ಹೇಳಲೇಬೇಕೆಂದೇನಿಲ್ಲ, ಹೇಳಿದರೆ ಅದನ್ನು ನಿನ್ನ ವಿರುದ್ಧ ಬಳಸಬಹುದು ಎಂದು ಅವರು ಮೊದಲು ಎಚ್ಚರಿಸಲೇಬೇಕು. ಈ ಎಚ್ಚರಿಕೆಯ ಕ್ಷಣದಲ್ಲಿ ಎಷ್ಟು ನಾಟಕವಿದೆ ಎಂಬುದನ್ನು ನಮ್ಮ ಧಾರಾವಾಹಿಗಳು ಗಮನಿಸಿಲ್ಲವೆಂದು ನೀವು ಬರೆದಿದ್ದರೆ ನಾನು ಮರುಮಾತಿಲ್ಲದೆ ಒಪ್ಪುತ್ತಿದ್ದೆ.

ನಾನು ಕಾರವಾರದ ಒಂದು ವಾರಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದಾಗ ಅಲ್ಲಿನ ಸಂಪಾದಕರು ನನ್ನನ್ನು ಜಿಲ್ಲಾ ನ್ಯಾಯಾಲಯಕ್ಕೆ ಕಳಿಸುತ್ತಿದ್ದುದು ತೀರ್ಪಿನ ದಿನವಲ್ಲ, ಸಾಕ್ಷ್ಯದ ದಿನ. ಸಾಕ್ಷಿ ಏನು ಹೇಳಿದ ಎಂಬುದಕ್ಕಿಂತ, ಹೇಳುವಾಗ ಯಾರನ್ನು ನೋಡಿದ, ಹಿಂದೆ ಕುಳಿತವರು ಏನು ಮಾಡಿದರು ಎಂಬುದನ್ನೇ ಅವರು ಸಂಜೆ ಕೇಳುತ್ತಿದ್ದರು. ಅಲ್ಲಿ ಪ್ರಶ್ನೆಯ ಬೆನ್ನಿಗೇ ಪ್ರಶ್ನೆ ಬರುತ್ತಿರಲಿಲ್ಲ. ಸಾಕ್ಷಿ ಕೊಂಕಣಿಯಲ್ಲಿ ಉತ್ತರಿಸಿದರೆ ಅದನ್ನು ಕನ್ನಡದಲ್ಲಿ ಹೇಳಬೇಕು, ನ್ಯಾಯಾಧೀಶರು ಪ್ರಶ್ನೋತ್ತರ ಎರಡನ್ನೂ ಸೇರಿಸಿ ಒಂದು ಹೇಳಿಕೆಯಾಗಿ ಕಟ್ಟಿ ಬೆರಳಚ್ಚುಗಾರರಿಗೆ ಹೇಳಬೇಕು, ಯಂತ್ರದ ಸದ್ದು ನಿಂತ ಮೇಲೆ ವಕೀಲರು ಮುಂದಿನ ಪ್ರಶ್ನೆಗೆ ಹೋಗಬೇಕು. ಒಮ್ಮೆ ದೋಣಿಯೊಂದರ ಪ್ರಕರಣದಲ್ಲಿ, ತಾನು ದಡದಲ್ಲಿ ಇಂಥ ಕಡೆ ನಿಂತು ಎಲ್ಲವನ್ನೂ ಕಂಡೆನೆಂದು ಸಾಕ್ಷಿ ಹೇಳಿದಾಗ, ವಕೀಲರು ದನಿ ಏರಿಸದೆ, ಆ ಹೊತ್ತಿಗೆ ಭರತಿ ಇತ್ತೇ ಇಳಿತವಿತ್ತೇ ಎಂದಷ್ಟೇ ಕೇಳಿದರು. ಭರತಿ ಎಂದು ಉತ್ತರ ಬಂತು. ನ್ಯಾಯಾಧೀಶರು ಅದನ್ನು ಬರೆಸುತ್ತಿರುವಾಗಲೇ ಹಿಂದಿನ ಬೆಂಚಿನ ಮೀನುಗಾರರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು; ಭರತಿಯಲ್ಲಿ ಆ ಜಾಗ ನೀರಿನೊಳಗಿರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಪಾಟೀಸವಾಲಿಗೆ ಪ್ರೇಕ್ಷಕರು ಸ್ಪಂದಿಸುವುದೆಂದರೆ ಏನೆಂದು ನಾನು ಕಲಿತದ್ದು ಅಲ್ಲಿ.

ಈಗ ನಿಮ್ಮ ಏಳನೆಯ ಪ್ಯಾರಾಕ್ಕೆ ಬರುತ್ತೇನೆ. ನಿಮ್ಮ ಅಜ್ಜಿಯ ಬಗ್ಗೆ ಅಲ್ಲಿ ಅರ್ಧ ವಾಕ್ಯವಿದೆ: ಪರದೆಯ ಮೇಲಿನ ವಕೀಲ ಹುಡುಗಿಯೊಬ್ಬಳಿಗೆ ಪ್ರಶ್ನೆ ಹಾಕಿದಾಗ ಅವಳು ಬಾಯಿ ತೆರೆಯುವ ಮೊದಲೇ ಅಜ್ಜಿ ‘ಹೇಳಡ ಕೂಸೆ’ (ಹೇಳಬೇಡ ಹುಡುಗಿ) ಎಂದು ತಡೆದರು. ಇಷ್ಟು ಬರೆದು ನೀವು ವಾಹಿನಿಗಳ ಪೈಪೋಟಿಯ ಕಡೆಗೆ ಹೊರಟುಬಿಟ್ಟಿದ್ದೀರಿ. ಇಡೀ ಲೇಖನದಲ್ಲಿ ಸ್ವಂತ ಕಣ್ಣಿನಿಂದ ಕಂಡ ವೀಕ್ಷಕರು ಇವರೊಬ್ಬರೇ, ಇವರು ಅಳುತ್ತಲೂ ಇಲ್ಲ, ಮರುಳಾಗಿಯೂ ಇಲ್ಲ. ಆ ಪ್ರಶ್ನೆ ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ಅವರು ಮುಂದಾಗಿ ಕಂಡಿದ್ದಾರೆ. ಈ ಜಾಣ್ಮೆ ಅವರಿಗೆ ಎಲ್ಲಿಂದ ಬಂತು? ಮನೆಯ ದಾವೆಯಿಂದಲೋ, ವೇಷವಿಲ್ಲದೆ ಕುಳಿತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯಿಂದಲೋ? ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆ ತಾಳಮದ್ದಳೆಗೆ ಕೂರುವವರಿಗೆ ವಾಲಿ ಸಾಯುತ್ತಾನೆಂದು ಮೊದಲೇ ಗೊತ್ತಿರುತ್ತದೆ. ಆದರೂ ಮರದ ಮರೆಯಿಂದ ಬಾಣ ಬಿಟ್ಟ ರಾಮನನ್ನು ವಾಲಿ ಹೇಗೆ ಪ್ರಶ್ನಿಸುತ್ತಾನೆ, ರಾಮನ ಮಾತನ್ನಾಡುವ ಅರ್ಥಧಾರಿ ಅದನ್ನು ಹೇಗೆ ಎದುರಿಸುತ್ತಾನೆ ಎಂದು ಕೇಳಲು ಅವರು ನಿದ್ದೆಗೆಟ್ಟು ಕೂರುತ್ತಾರೆ, ಮರುದಿನ ವಾಲಿಯ ಪ್ರಶ್ನೆಯನ್ನೇ ಹಿಡಿದು ವಾದಿಸುತ್ತಾರೆ. ಅಂಥ ಕಿವಿ ಧಾರಾವಾಹಿಯ ವಕೀಲನನ್ನು ಹೇಗೆ ಕೇಳಿಸಿಕೊಳ್ಳುತ್ತದೆ ಎಂಬುದೇ ನಿಮ್ಮ ವಿಷಯವಾಗಬೇಕಿತ್ತು.

ಇನ್ನೊಂದು ಸಂಗತಿಯನ್ನು ನೀವು ಯೋಚಿಸಬಹುದು. 2021ರಿಂದ ಕರ್ನಾಟಕ ಹೈಕೋರ್ಟಿನ ಕಲಾಪಗಳು ಯೂಟ್ಯೂಬಿನಲ್ಲಿ ನೇರವಾಗಿ ಸಿಗುತ್ತಿವೆ. ಆದರೆ ಅಲ್ಲಿ ನಡೆಯುವುದು ಬಹುಪಾಲು ಮೇಲ್ಮನವಿ ಮತ್ತು ಅರ್ಜಿಗಳ ಮೇಲಿನ ವಾದವೇ ಹೊರತು ಸಾಕ್ಷಿಗಳ ವಿಚಾರಣೆಯಲ್ಲ. ಸಾಕ್ಷಿ ನುಡಿಯುವುದನ್ನು ಕಾಣಬೇಕಾದರೆ ಕೆಳಗಿನ ನ್ಯಾಯಾಲಯಕ್ಕೇ ಹೋಗಬೇಕು. ಹೋಗಲಾಗದ ನಿಮ್ಮ ಅಜ್ಜಿಯಂಥವರಿಗೆ ಪಾಟೀಸವಾಲು ಕಾಣುವ ಏಕೈಕ ಜಾಗವಾಗಿ ಧಾರಾವಾಹಿ ಇಂದಿಗೂ ಉಳಿದಿದೆ. ಆದ್ದರಿಂದಲೇ ಅದರ ತಪ್ಪುಗಳ ಬಗ್ಗೆ ಬರೆಯುವವರು ತಾವು ತಪ್ಪದೆ ಬರೆಯಬೇಕೆಂದು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮೂರನೆಯ, ನಾಲ್ಕನೆಯ ಪ್ಯಾರಾಗಳನ್ನು ಪೂರ್ತಿ ತೆಗೆಯಿರಿ. ಕುಮಟೆಯ ನ್ಯಾಯಾಲಯದಲ್ಲಿ ಸಾಕ್ಷ್ಯ ನಡೆಯುವ ದಿನ ವಿಚಾರಿಸಿಕೊಂಡು ಹೋಗಿ ಕುಳಿತುಬನ್ನಿ. ಬಾಗಿಲು ಮುಚ್ಚಿ ನಡೆಸುವ ಪ್ರಕರಣಗಳನ್ನು ಬಿಟ್ಟರೆ ಉಳಿದವನ್ನು ಯಾರು ಬೇಕಾದರೂ ನೋಡಬಹುದು. ಆಮೇಲೆ ಅಜ್ಜಿಯ ಜೊತೆ ಕೆಲವು ಸಂಜೆ ಧಾರಾವಾಹಿ ನೋಡಿ, ಯಾವ ಪ್ರಶ್ನೆಗೆ ಅವರು ಏನೆಂದರು ಎಂಬುದನ್ನು ಅವರ ಹವ್ಯಕ ಮಾತಿನಲ್ಲೇ ಬರೆದುಕೊಳ್ಳಿ, ಶಿಷ್ಟ ಕನ್ನಡಕ್ಕೆ ತಿದ್ದಬೇಡಿ. ದೀಪಾವಳಿ ವಿಶೇಷಾಂಕದಲ್ಲಿ ನಾಲ್ಕು ಪುಟ ನಿಮಗಾಗಿ ಬಿಟ್ಟಿಡುತ್ತೇನೆ. ನವರಾತ್ರಿಯೊಳಗೆ ಲೇಖನ ಕೈಸೇರಿದರೆ ಪುಟ ಕಟ್ಟಲು ಅನುಕೂಲ.

ವಿಶ್ವಾಸದಿಂದ,
ಸಂಪಾದಕ, ಶಿರಸಿ